ಮಕ್ಕಳು ಬರೆದದ್ದನ್ನು ಓದುವವರು ಯಾರು?

ಕಕ್ಕಿಂಜೆ: ಉಜಿರೆಯಿಂದ ಚಾರ್ಮಾಡಿಗೆ ಹೋಗುವ ಬಸ್ಸು ಸೋಮಂತಡ್ಕ ದಾಟಿ ಇಲ್ಲಿ ನಿಂತಾಗ ಅಂಗಡಿ ಗೋಡೆಗಳನ್ನೊಮ್ಮೆ ನೋಡಿ. ಯಕ್ಷಗಾನದ ನೋಟೀಸು ಉಂಟು, ಉರೂಸಿನದ್ದು ಉಂಟು, ಕಬಡ್ಡಿ ಪಂದ್ಯದ್ದೂ ಉಂಟು. ಶಾಲೆಯ ಮಕ್ಕಳು ಬರೆದ ಒಂದು ಹಾಳೆ ಉಂಟೋ?

ಮೂರನೇ ಕ್ಲಾಸಿನ ಮಗು 'ನಮ್ಮ ಮನೆಯ ದನ' ಎಂದು ಹತ್ತು ಸಾಲು ಬರೆಯುತ್ತದೆ. ಟೀಚರು ಕೆಂಪು ಶಾಯಿಯಲ್ಲಿ ಒಂದು ಗೀಟು ಹಾಕುತ್ತಾರೆ. ಅಲ್ಲಿಗೆ ಕತೆ ಮುಗಿಯಿತು. ಅದು ಮಾರ್ಕಿನ ದನವಾಯಿತೇ ಹೊರತು ಮನೆಯ ದನವಾಗಲಿಲ್ಲ.

ಫ್ರಾನ್ಸಿನ ಮೇಷ್ಟ್ರು

ಈ ರೋಗಕ್ಕೆ ಮದ್ದು ಹುಡುಕಿದವರಲ್ಲಿ ಫ್ರಾನ್ಸಿನ ಸೆಲೆಸ್ಟಿನ್ ಫ್ರೆನೆ ಒಬ್ಬರು. ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಗಾಯವಾಗಿ, ತಾಸುಗಟ್ಟಲೆ ಪಾಠ ಹೇಳುವ ಉಸಿರೇ ಇಲ್ಲದ ಹಳ್ಳಿ ಮೇಷ್ಟ್ರು. 1924ರಲ್ಲಿ ಶಾಲೆಗೊಂದು ಸಣ್ಣ ಅಚ್ಚಿನ ಯಂತ್ರ ತಂದರು. ಮಕ್ಕಳು ತಾವು ಕಂಡದ್ದನ್ನು ಬರೆದರು, ತಾವೇ ಮೊಳೆ ಜೋಡಿಸಿದರು, ಅಚ್ಚು ಹಾಕಿ ದೂರದ ಸಮುದ್ರ ತೀರದ ಶಾಲೆಗೆ ಅಂಚೆಯಲ್ಲಿ ಕಳುಹಿಸಿದರು. ಅಲ್ಲಿಂದಲೂ ಬರಹಗಳು ಬಂದವು. ಓದುವವರಿದ್ದಾರೆಂದು ಗೊತ್ತಾದರೆ ಕಾಗುಣಿತ ತಿದ್ದಲು ಬೆತ್ತ ಯಾಕೆ ಬೇಕು?

ನಮ್ಮ ಪಕ್ಕದ ಪುತ್ತೂರೇನೂ ಹಿಂದೆ ಬಿದ್ದಿರಲಿಲ್ಲ. ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳಿಗೆ ಆಟ, ನಾಟಕ, ಚಿತ್ರಗಳ ಮೂಲಕ ಕಲಿಸುವ ಪ್ರಯೋಗ ಮಾಡಿದ್ದರು.

2021ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಮಕ್ಕಳಿಂದ ಪ್ರಧಾನಿಗೆ 75 ಲಕ್ಷ ಪೋಸ್ಟ್‌ಕಾರ್ಡು ಬರೆಯಿಸುವ ಕಾರ್ಯಕ್ರಮ ಇಟ್ಟಿತ್ತು. ಒಳ್ಳೆಯದೇ. ಆದರೆ ಬರೆಯುವ ವಿಷಯವನ್ನು ದಿಲ್ಲಿಯೇ ಕೊಟ್ಟಿತ್ತು. ಸ್ವಾತಂತ್ರ್ಯ ಹೋರಾಟದ ಎಲೆಮರೆಯ ವೀರರು, ಇಲ್ಲವೇ 2047ರ ಭಾರತ. ಮನೆಯ ದನಕ್ಕೆ ಅಲ್ಲಿಯೂ ಜಾಗವಿಲ್ಲ!

ಬರೆಯಲಿಕ್ಕೆ ಏನುಂಟು?

ಕೇಳುವ ಪ್ರಶ್ನೆಯೇ ಅದು ಮಾರಾಯ್ರೇ? 2019ರ ಆಗಸ್ಟಿನಲ್ಲಿ ಮೃತ್ಯುಂಜಯ ಹೊಳೆ ಉಕ್ಕಿ ತೋಟ ನುಗ್ಗಿತು. ಘಾಟಿ ಕುಸಿದು ದೊಡ್ಡ ಗಾಡಿಗಳಿಗೆ ತಿಂಗಳುಗಟ್ಟಲೆ ದಾರಿ ಬಂದ್. ದೊಡ್ಡವರು ನಷ್ಟದ ಲೆಕ್ಕ ಬರೆದರು. ಹೊಳೆ ಹೇಗೆ ಕೂಗಿತೆಂದು ಮಕ್ಕಳನ್ನು ಯಾರು ಕೇಳಿದರು? ವಿಜಯಪುರದ ಕಡೆಯ ಶಾಲೆಯ ಮಗುವಿಗೆ ಆ ಕೂಗು ಗೊತ್ತಿಲ್ಲ. ನಮ್ಮ ಮಗುವಿಗೆ ಅಲ್ಲಿನ ಬಿಸಿಲು, ಜೋಳದ ಹೊಲ ಗೊತ್ತಿಲ್ಲ. 50 ಪೈಸೆಯ ಕಾರ್ಡು ಸಾಕಲ್ಲ, ಕೇಳಿ ತಿಳಿಯಲಿಕ್ಕೆ?

ಇನ್ನೊಂದು ಮಾತು. ಇಲ್ಲಿ ಮನೆಯ ಮಾತು ತುಳು, ಬ್ಯಾರಿ, ಮಲಯಾಳ, ಕೊಂಕಣಿ. ಕನ್ನಡ ಶಾಲೆಯಲ್ಲಿ ಸಿಗುವ ಮಾತು. ಪರೀಕ್ಷೆಗೆ ಮಾತ್ರ ಬಳಸಿದರೆ ಅದು ಪರೀಕ್ಷೆಯೊಂದಿಗೇ ಹೋಗುತ್ತದೆ. ಒಬ್ಬ ಗೆಳೆಯನಿಗೆ ಬರೆದರೆ ಉಳಿಯುತ್ತದೆ.

ಈ ವರದಿಗಾರನ ಶಾಲೆಯಲ್ಲಿಯೂ ಗೋಡೆ ಪತ್ರಿಕೆ ಇತ್ತು. ಮಳೆಗೆ ಹಾಳಾದೀತೆಂದು ಅದನ್ನು ಹೆಡ್ಮಾಸ್ಟರ ಕೋಣೆಯೊಳಗೆ ತೂಗು ಹಾಕಿದರು. ಒದ್ದೆಯಾಗಲಿಲ್ಲ, ನಿಜ. ಒಬ್ಬನೂ ಓದಲೂ ಇಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟವನು ನಾನು. ಆದರೂ ಆ ಪತ್ರಿಕೆಯ ನನ್ನ ಎಂಟು ಸಾಲು ಇಂದಿಗೂ ಬಾಯಿಗೆ ಬರುತ್ತವೆ. ಯಾರಾದರೂ ಓದಲೆಂದು ಕಾದದ್ದಕ್ಕಿರಬೇಕು.

ಅಂಗಡಿಯವರಲ್ಲಿ ಒಂದು ಅರಿಕೆ. ನೋಟೀಸುಗಳ ನಡುವೆ ಒಂದು ಮೊಳ ಗೋಡೆ ಬಿಡಿ. ತಿಂಗಳಿಗೊಂದು ಹಾಳೆ ಶಾಲೆಯಿಂದ ಬರಲಿ. ಮಗುವಿನ ಹೆಸರು, ಕ್ಲಾಸು ಸಾಕು, ಮನೆ ವಿಳಾಸ ಬೇಡ. ಬಸ್ಸು ಹೇಗೂ ಲೇಟು. ಕಾಯುವವರು ಓದುತ್ತಾರೆ.

ಓದಿದ್ದನ್ನು ಆ ಮಗುವಿಗೊಮ್ಮೆ ಹೇಳಿ: 'ನಿಮ್ಮ ದನ ಕರು ಹಾಕಿತಂತಲ್ಲ?'