ಬ್ಯಾಂಕ್ ನೇಮಕಾತಿ ಪರೀಕ್ಷೆಗೆ ಸಿದ್ಧತೆ: ನಮ್ಮ ಐದು ತಾಲ್ಲೂಕುಗಳ ಪದವೀಧರರಿಗೆ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಮಕ್ಕಳಿಗೆ ನಾವು ಕೊಡುವ ವಿದ್ಯಾರ್ಥಿವೇತನ ಪದವಿಗೆ ಮುಗಿಯುತ್ತದೆ. ಮನೆಯವರ ಚಿಂತೆ ಶುರುವಾಗುವುದು ಅಲ್ಲಿಂದ ಮುಂದೆ. ಬಿ.ಎ., ಬಿ.ಕಾಂ. ಮುಗಿಸಿದ ಹುಡುಗ ತಂದೆಯ ಗ್ಯಾರೇಜಿಗೋ ತರಕಾರಿ ಅಂಗಡಿಗೋ ಮರಳುತ್ತಾನೆ. ಹುಡುಗಿಯ ಅಂಕಪಟ್ಟಿ ಬೀರುವಿನಲ್ಲಿ ಉಳಿಯುತ್ತದೆ. ಆದ್ದರಿಂದ ಈ ವರ್ಷದ ವರದಿಯಲ್ಲಿ ಬ್ಯಾಂಕ್ ಪರೀಕ್ಷೆಗಳ ಬಗ್ಗೆ ವಿವರವಾಗಿ ಬರೆಯುತ್ತಿದ್ದೇವೆ. ಯಾವುದೇ ಪದವಿ ಸಾಕು, ಕನ್ನಡದಲ್ಲಿ ಬರೆಯಬಹುದು, ಗುಮಾಸ್ತ ಹುದ್ದೆಗೆ ಸಂದರ್ಶನವೂ ಇಲ್ಲ.

ಯಾವ ಪರೀಕ್ಷೆ, ಯಾರಿಗೆ

ಸರ್ಕಾರಿ ವಲಯದ 12 ಬ್ಯಾಂಕುಗಳಲ್ಲಿ ಸ್ಟೇಟ್ ಬ್ಯಾಂಕ್ ತನ್ನ ಪರೀಕ್ಷೆಯನ್ನು ತಾನೇ ನಡೆಸುತ್ತದೆ. ಉಳಿದ 11 ಬ್ಯಾಂಕುಗಳಿಗೂ ಗ್ರಾಮೀಣ ಬ್ಯಾಂಕುಗಳಿಗೂ ಐಬಿಪಿಎಸ್ ಸಂಸ್ಥೆ ಪರೀಕ್ಷೆ ನಡೆಸುತ್ತದೆ. ಗ್ರಾಮೀಣ ಬ್ಯಾಂಕ್ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವುದಾಗಿ ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿತು. 2021ರಲ್ಲಿ ಇತರ ಬ್ಯಾಂಕುಗಳ ಗುಮಾಸ್ತ ಪರೀಕ್ಷೆಗೂ ಅದೇ ನಿರ್ಧಾರವಾಯಿತು. ಇಂಗ್ಲಿಷ್ ಬಾರದೆಂದು ಅರ್ಜಿಯನ್ನೇ ಹಾಕದಿದ್ದ ಕಾಲ ಮುಗಿದಿದೆ. ಆದರೂ ಅದೇ ಕಾರಣ ಹೇಳುವವರು ನಮ್ಮ ಕಚೇರಿಗೆ ಈಗಲೂ ಬರುತ್ತಾರೆ.

ಕನ್ನಡ ಮಾಧ್ಯಮದವರು ಮೊದಲು ಗ್ರಾಮೀಣ ಬ್ಯಾಂಕಿನ ಆಫೀಸ್ ಅಸಿಸ್ಟೆಂಟ್ ಪರೀಕ್ಷೆಯನ್ನು ಗುರಿಯಾಗಿಟ್ಟುಕೊಳ್ಳಿ ಎಂಬುದು ನಮ್ಮ ಸಲಹೆ. ಅದರ ಪೂರ್ವಭಾವಿ ಪರೀಕ್ಷೆಯಲ್ಲಿ ಎರಡೇ ವಿಷಯ: ತಾರ್ಕಿಕ ಸಾಮರ್ಥ್ಯ 40 ಪ್ರಶ್ನೆ, ಗಣಿತ 40 ಪ್ರಶ್ನೆ, ಒಟ್ಟು 45 ನಿಮಿಷ. ಇಂಗ್ಲಿಷ್ ಇಲ್ಲ. ಇತರ ಬ್ಯಾಂಕುಗಳ ಗುಮಾಸ್ತ ಪರೀಕ್ಷೆಯ ಮೊದಲ ಹಂತದಲ್ಲಿ 100 ಅಂಕಗಳ ಪೈಕಿ 30 ಇಂಗ್ಲಿಷಿಗೆ. ಅದರಲ್ಲಿ ಪ್ರತ್ಯೇಕವಾಗಿ ಕನಿಷ್ಠ ಅಂಕ ಪಡೆಯದಿದ್ದರೆ ಗಣಿತದಲ್ಲಿ ಎಷ್ಟು ಬಂದರೂ ಉಪಯೋಗವಿಲ್ಲ. ಎರಡರಲ್ಲೂ ಪೂರ್ವಭಾವಿ ಅಂಕ ಮುಂದಿನ ಹಂತಕ್ಕೆ ಹೋಗಲು ಮಾತ್ರ. ಕೊನೆಯ ಆಯ್ಕೆ ನಿಲ್ಲುವುದು ಮುಖ್ಯ ಪರೀಕ್ಷೆಯ ಮೇಲೆ.

ಆಫೀಸ್ ಅಸಿಸ್ಟೆಂಟ್ ಮುಖ್ಯ ಪರೀಕ್ಷೆಯಲ್ಲಿ ಗಣಿತ, ತಾರ್ಕಿಕ ಸಾಮರ್ಥ್ಯದ ಜೊತೆಗೆ ಸಾಮಾನ್ಯ ಜ್ಞಾನ, ಕಂಪ್ಯೂಟರ್, ಒಂದು ಭಾಷೆ ಇರುತ್ತವೆ. ಭಾಷೆಗೆ ಇಂಗ್ಲಿಷ್ ಅಥವಾ ಹಿಂದಿ ಆರಿಸಿಕೊಳ್ಳಬಹುದು. ಮನೆಯಲ್ಲಿ ಉರ್ದು ಆಡುವ ನಮ್ಮ ಮಕ್ಕಳು ಹಿಂದಿ ಸುಲಭವೆಂದು ತಿಳಿಯುತ್ತಾರೆ. ಕಿವಿಗೆ ಸುಲಭ, ನಿಜ. ಪರೀಕ್ಷೆಯಲ್ಲಿ ಕೇಳುವುದು ದೇವನಾಗರಿ ಲಿಪಿಯ ಗ್ರಾಂಥಿಕ ಹಿಂದಿ ಮತ್ತು ಅದರ ವ್ಯಾಕರಣ. ಶಾಲೆಯಲ್ಲಿ ತೃತೀಯ ಭಾಷೆಯಾಗಿ ಹಿಂದಿ ಚೆನ್ನಾಗಿ ಓದಿದವರು ಅದನ್ನು ಆರಿಸಿಕೊಳ್ಳಲಿ, ಉಳಿದವರು ಇಂಗ್ಲಿಷನ್ನೇ ಕಲಿಯಲಿ. ಮುಂದೆ ಇತರ ಬ್ಯಾಂಕುಗಳ ಪರೀಕ್ಷೆಗೂ ಅದೇ ಬೇಕು.

ಆಫೀಸ್ ಅಸಿಸ್ಟೆಂಟ್ ಹುದ್ದೆಗೆ ವಯಸ್ಸು 18ರಿಂದ 28, ಇತರ ಬ್ಯಾಂಕುಗಳ ಗುಮಾಸ್ತ ಹುದ್ದೆಗೆ 20ರಿಂದ 28. ಕೇಂದ್ರದ ಒಬಿಸಿ ಅಭ್ಯರ್ಥಿಗಳಿಗೆ 3 ವರ್ಷ, ಪರಿಶಿಷ್ಟರಿಗೆ 5 ವರ್ಷ ಸಡಿಲಿಕೆ ಇದೆ.

ಜಾತಿ ಪ್ರಮಾಣಪತ್ರ: ನಾವು ಮಾಡಿದ ತಪ್ಪು

ಇದನ್ನು ಸಂಕೋಚದಿಂದಲೇ ಬರೆಯುತ್ತಿದ್ದೇವೆ. ಹಿಂದೊಂದು ವರ್ಷ ನಮ್ಮಿಂದ ಶುಲ್ಕದ ನೆರವು ಪಡೆದ ಹುಡುಗಿಯೊಬ್ಬಳು ಮುಖ್ಯ ಪರೀಕ್ಷೆಯನ್ನೂ ದಾಟಿ ದಾಖಲೆ ಪರಿಶೀಲನೆಯಲ್ಲಿ ನಿಂತುಹೋದಳು. ಅರ್ಜಿಯಲ್ಲಿ ಒಬಿಸಿ ಎಂದಿತ್ತು. ಕೈಯಲ್ಲಿದ್ದದ್ದು ರಾಜ್ಯದ 2ಬಿ ಪ್ರಮಾಣಪತ್ರ. ಅರ್ಜಿ ತುಂಬಿಕೊಟ್ಟವರು ನಾವೇ. ಆ ಮಗುವಿನ ಎರಡು ವರ್ಷದ ಓದು ನಮ್ಮ ಅಜ್ಞಾನದಿಂದ ಹಾಳಾಯಿತು. ಇನ್ನೊಬ್ಬರಿಗೆ ಹಾಗಾಗಬಾರದು.

ತಿಳಿದುಕೊಳ್ಳಬೇಕಾದದ್ದು ಇಷ್ಟು. 2ಬಿ ಎಂಬುದು ರಾಜ್ಯ ಸರ್ಕಾರದ ವರ್ಗ. ಬ್ಯಾಂಕ್ ನೇಮಕಾತಿಗೆ ಬೇಕಾದದ್ದು ಕೇಂದ್ರದ ಒಬಿಸಿ ಪಟ್ಟಿ. ಪಿಂಜಾರ, ನದಾಫ್ ಮೊದಲಾದ ಸಮುದಾಯಗಳ ಹೆಸರು ಕೇಂದ್ರ ಪಟ್ಟಿಯಲ್ಲಿದೆ. ಮುಸಲ್ಮಾನರಲ್ಲಿ ಎಲ್ಲ ಪಂಗಡಗಳೂ ಆ ಪಟ್ಟಿಗೆ ಸೇರುವುದಿಲ್ಲ. ಆದ್ದರಿಂದ ಅರ್ಜಿಗೆ ಮೊದಲೇ ನಿಮ್ಮ ಪಂಗಡದ ಹೆಸರು ಅಲ್ಲಿದೆಯೇ ನೋಡಿ. ಇದ್ದರೆ, ಕೇಂದ್ರ ಸರ್ಕಾರದ ನಮೂನೆಯಲ್ಲಿ, ಕೆನೆಪದರಕ್ಕೆ ಸೇರಿಲ್ಲವೆಂಬ ಒಕ್ಕಣೆಯಿರುವ ಇತ್ತೀಚಿನ ಪ್ರಮಾಣಪತ್ರವನ್ನು ತಹಶೀಲ್ದಾರ್ ಕಚೇರಿಯಿಂದ ಪಡೆಯಿರಿ. ಶಾಲಾ ದಾಖಲೆಯಲ್ಲಿ ಬರೀ 'ಮುಸ್ಲಿಂ' ಎಂದಿದ್ದರೆ ಆ ಕೆಲಸಕ್ಕೆ ತಿಂಗಳುಗಟ್ಟಲೆ ಓಡಾಟವಾಗಬಹುದು, ಈಗಲೇ ಶುರುಮಾಡಿ.

ಕೇಂದ್ರ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಆರ್ಥಿಕವಾಗಿ ಹಿಂದುಳಿದವರ ಶೇ. 10 ಮೀಸಲಾತಿ ಇದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆ ಇರಬೇಕು, ಜಮೀನು 5 ಎಕರೆಗಿಂತ ಕಡಿಮೆ ಇರಬೇಕು, ಮನೆ ಮತ್ತು ನಿವೇಶನಕ್ಕೂ ಮಿತಿಗಳಿವೆ. ಕೂಡ್ಲಿಗಿ ಕಡೆ ಆರೆಕರೆ ಒಣಭೂಮಿ ಇದ್ದು, ಮಳೆಯಿಲ್ಲದ ವರ್ಷ ಶೇಂಗಾ ಬಿತ್ತಿದ ಬೀಜವೂ ಬಾರದ ಮನೆಗಳಿವೆ. ಪಹಣಿಯಲ್ಲಿ ಆರೆಕರೆ ಎಂದಿದ್ದರೆ ಈ ಮೀಸಲಾತಿ ಸಿಗದು. ಇದರಲ್ಲಿ ವಯಸ್ಸಿನ ಸಡಿಲಿಕೆಯೂ ಇಲ್ಲ.

ನಮ್ಮ ತಾಲ್ಲೂಕುಗಳ ಎಲ್ಲರ ಮನೆಯಲ್ಲೂ ಇರುವ 371(ಜೆ) ಪ್ರಮಾಣಪತ್ರ ರಾಜ್ಯ ಸರ್ಕಾರದ ಹುದ್ದೆಗಳಿಗೆ ಮತ್ತು ಕಾಲೇಜು ಪ್ರವೇಶಕ್ಕೆ ದೊಡ್ಡ ಆಸರೆ. ಬ್ಯಾಂಕ್ ಪರೀಕ್ಷೆಯಲ್ಲಿ ಅದಕ್ಕೆ ಸ್ಥಾನವಿಲ್ಲ.

ಅರ್ಜಿ ತುಂಬುವಾಗ

ಅರ್ಜಿಯನ್ನು ಕಂಪ್ಯೂಟರ್ ಅಂಗಡಿಯವರಿಗೆ ಒಪ್ಪಿಸಿ ಚಹಾ ಕುಡಿಯಲು ಹೋಗಬೇಡಿ, ಪಕ್ಕದಲ್ಲೇ ಕೂತು ಒಂದೊಂದು ಸಾಲನ್ನೂ ಓದಿ. ಹೆಸರು ಮತ್ತು ತಂದೆಯ ಹೆಸರು ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಇದ್ದಂತೆಯೇ ಇರಲಿ. ಆಧಾರ್‌ನಲ್ಲಿ ಒಂದು, ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ಮೊದಲು ಸರಿಪಡಿಸಿ. ಶೇಖ್, ಸಾಬ್, ಬೀ, ಬೇಗಂ ಸೇರಿದ ಹೆಸರುಗಳಲ್ಲಿ ಈ ತೊಂದರೆ ಹೆಚ್ಚು. ಇಂಗ್ಲಿಷಿನ ಘೋಷಣೆಯನ್ನು ನೀವೇ ಕೈಯಾರೆ ಬರೆಯಬೇಕು, ಎಲ್ಲವೂ ದೊಡ್ಡಕ್ಷರದಲ್ಲಿದ್ದರೆ ತಿರಸ್ಕೃತವಾಗುತ್ತದೆ. ಎಡಗೈ ಹೆಬ್ಬೆರಳಿನ ಗುರುತು ಸ್ಪಷ್ಟವಾಗಿರಲಿ.

ಗ್ರಾಮೀಣ ಬ್ಯಾಂಕ್ ಅರ್ಜಿಯಲ್ಲಿ ಪರೀಕ್ಷಾಪೂರ್ವ ಉಚಿತ ತರಬೇತಿ ಬೇಕೇ ಎಂಬ ಪ್ರಶ್ನೆ ಬರುತ್ತದೆ. ಪರಿಶಿಷ್ಟರ ಜೊತೆಗೆ ಅಲ್ಪಸಂಖ್ಯಾತರಿಗೂ ಆ ತರಬೇತಿ ಇದೆ. ಬಹಳ ಮಂದಿ ಗಮನಿಸದೆ 'ಬೇಡ' ಎಂದು ಒತ್ತಿಬಿಡುತ್ತಾರೆ. 'ಬೇಕು' ಎಂದೇ ಒತ್ತಿ.

ಓದುವ ಕ್ರಮ

80 ಪ್ರಶ್ನೆಗೆ 45 ನಿಮಿಷ ಎಂದರೆ ಒಂದು ಪ್ರಶ್ನೆಗೆ 34 ಸೆಕೆಂಡಿಗೂ ಕಡಿಮೆ. ಇಲ್ಲಿ ಬುದ್ಧಿಗಿಂತ ಅಭ್ಯಾಸಕ್ಕೆ ಬೆಲೆ. 30ರವರೆಗೆ ಮಗ್ಗಿ, 30ರವರೆಗೆ ವರ್ಗಸಂಖ್ಯೆ ಬಾಯಿಪಾಠವಿರಲಿ. ಶೇಕಡಾ ಲೆಕ್ಕವನ್ನು ಒಡೆದು ಮಾಡಿ: 640ರ ಶೇ. 17.5 ಬೇಕಾದರೆ, ಶೇ. 10ಕ್ಕೆ 64, ಶೇ. 5ಕ್ಕೆ 32, ಶೇ. 2.5ಕ್ಕೆ 16, ಕೂಡಿದರೆ 112. ಸಂತೆಯಲ್ಲಿ ಲೆಕ್ಕ ಹಾಕುವ ನಮ್ಮ ಹಿರಿಯರು ಮಾಡುವುದೂ ಇದನ್ನೇ.

ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. ಒಬ್ಬ 60 ಪ್ರಶ್ನೆ ಮುಟ್ಟಿ 52 ಸರಿ, 8 ತಪ್ಪು ಮಾಡಿದರೆ ಅವನಿಗೆ 50 ಅಂಕ. ಇನ್ನೊಬ್ಬ 80ನ್ನೂ ಮುಟ್ಟಿ 55 ಸರಿ, 25 ತಪ್ಪು ಮಾಡಿದರೆ 48.75. ಹೆಚ್ಚು ಸರಿ ಮಾಡಿದವನೇ ಹಿಂದೆ ಬಿದ್ದ. ಗೊತ್ತಿಲ್ಲದ್ದನ್ನು ಬಿಡುವುದೂ ಒಂದು ವಿದ್ಯೆ.

ಆರು ತಿಂಗಳಿದ್ದರೆ ಮೊದಲ ಎರಡು ತಿಂಗಳು ವಿಷಯದ ಬುನಾದಿ, ನಂತರ ಎರಡು ತಿಂಗಳು ಗಡಿಯಾರವಿಟ್ಟು ಅಭ್ಯಾಸ, ಕೊನೆಯ ಎರಡು ತಿಂಗಳು ಮಾದರಿ ಪರೀಕ್ಷೆ. ಪ್ರತಿ ಮಾದರಿ ಪರೀಕ್ಷೆಯ ನಂತರ ತಪ್ಪಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆ ಪುಸ್ತಕವೇ ನಿಮ್ಮ ಗುರು. ರಂಜಾನ್ ತಿಂಗಳಲ್ಲಿ ಓದು ನಿಲ್ಲಿಸುವವರಿದ್ದಾರೆ; ಫಜ್ರ್ ನಮಾಜಿನ ನಂತರದ ಎರಡು ಗಂಟೆ ಇಡೀ ದಿನದ ಅತ್ಯುತ್ತಮ ಸಮಯ. ಮೊಬೈಲಿನಲ್ಲಿ ಮಾತ್ರ ಅಭ್ಯಾಸ ಮಾಡಿದವರು ಪರೀಕ್ಷಾ ಕೊಠಡಿಯಲ್ಲಿ ಮೌಸ್ ಹಿಡಿದು ತಡಬಡಿಸುತ್ತಾರೆ. ಕನಿಷ್ಠ ಹತ್ತು ಮಾದರಿ ಪರೀಕ್ಷೆಗಳನ್ನಾದರೂ ಕಂಪ್ಯೂಟರಿನಲ್ಲಿ ಬರೆಯಿರಿ.

ಸಾಮಾನ್ಯ ಜ್ಞಾನಕ್ಕೆ ನಮ್ಮ ಊರಿನಿಂದಲೇ ಶುರುಮಾಡಬಹುದು. ಬಳ್ಳಾರಿಯಲ್ಲಿ 1976ರಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕ್ ಆರಂಭವಾಯಿತು. ಹಲವು ವಿಲೀನಗಳ ನಂತರ 2025ರ ಮೇ 1ರಿಂದ ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕ್ ಆಗಿದೆ. ಅದರ ಪ್ರಧಾನ ಕಚೇರಿ ಬಳ್ಳಾರಿಯಲ್ಲೇ ಇದೆ, ಪ್ರಾಯೋಜಕ ಕೆನರಾ ಬ್ಯಾಂಕ್. ಗ್ರಾಮೀಣ ಬ್ಯಾಂಕುಗಳ ಬಂಡವಾಳದಲ್ಲಿ ಕೇಂದ್ರಕ್ಕೆ ಶೇ. 50, ರಾಜ್ಯಕ್ಕೆ ಶೇ. 15, ಪ್ರಾಯೋಜಕ ಬ್ಯಾಂಕಿಗೆ ಶೇ. 35 ಪಾಲು. 1906ರಲ್ಲಿ ಉಡುಪಿಯಲ್ಲಿ, ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯನ್ನು ಕಟ್ಟಿದವರು ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು. ಅದು 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಹೀಗೆ ಒಂದು ಎಳೆ ಹಿಡಿದು ಓದಿದರೆ ನೆನಪಿನಲ್ಲಿ ಉಳಿಯುತ್ತದೆ.

ಮನೆಯ ಹಿರಿಯರಿಗೆ

'ಬ್ಯಾಂಕ್ ಕೆಲಸ ಬಡ್ಡಿಯ ಕೆಲಸವಲ್ಲವೇ?' ಎಂದು ಅನೇಕ ಅಬ್ಬಾ, ಅಮ್ಮಿಯರು ನಮ್ಮನ್ನು ಕೇಳಿದ್ದಾರೆ. ಅದಕ್ಕೆ ಫತ್ವಾ ಕೊಡುವ ಯೋಗ್ಯತೆ ನಮಗಿಲ್ಲ. ನೀವು ನಂಬುವ ಆಲಿಮರ ಬಳಿ ಕೇಳಿ. ನಮ್ಮ ಕೋರಿಕೆ ಒಂದೇ: ಆ ಮಾತು ಓದು ಶುರುವಾಗುವ ಮೊದಲೇ ಆಗಲಿ. ಆಯ್ಕೆಯ ಆದೇಶ ಕೈಗೆ ಬಂದ ಮೇಲೆ ಬೇಡ ಎಂದರೆ ಮಗುವಿನ ಮನಸ್ಸು ಮುರಿಯುತ್ತದೆ. ಬೇಡವೆಂದು ತೀರ್ಮಾನಿಸಿದರೂ ಓದು ವ್ಯರ್ಥವಲ್ಲ. ಇದೇ ಗಣಿತ, ಇದೇ ತಾರ್ಕಿಕ ಸಾಮರ್ಥ್ಯ, ಇದೇ ಸಾಮಾನ್ಯ ಜ್ಞಾನ ರೈಲ್ವೆಗೂ ಸಿಬ್ಬಂದಿ ನೇಮಕಾತಿ ಆಯೋಗದ ಪರೀಕ್ಷೆಗಳಿಗೂ ಬೇಕು.

ಹೆಣ್ಣುಮಕ್ಕಳನ್ನು ಪರೀಕ್ಷೆಗೆ ದೂರದ ಊರಿಗೆ ಕಳುಹಿಸಲು ಹಿಂಜರಿಯುವವರು ಯಾರಾದರೂ ಜೊತೆಗೆ ಹೋಗಿ. ಬೆಳಗಿನ ಪಾಳಿಯಾದರೆ ಹಿಂದಿನ ಸಂಜೆಯೇ ಊರು ಸೇರಿಕೊಳ್ಳಿ. ಬಸ್ಸು ತಪ್ಪಿ ಬಾಗಿಲು ಮುಚ್ಚಿದ ಮೇಲೆ ಬಂದವರನ್ನು ಒಳಗೆ ಬಿಡುವುದಿಲ್ಲ.

ಈ ವರ್ಷದ ನೆರವು

ಅರ್ಜಿ ಶುಲ್ಕ ಸಾಮಾನ್ಯ, ಒಬಿಸಿ ಮತ್ತು ಆರ್ಥಿಕವಾಗಿ ಹಿಂದುಳಿದ ವರ್ಗದವರಿಗೆ 850 ರೂಪಾಯಿ, ಪರಿಶಿಷ್ಟರಿಗೆ ಹಾಗೂ ಅಂಗವಿಕಲರಿಗೆ 175. ಕೂಲಿ ಮಾಡುವ ಮನೆಗೆ ಇದು ಸಣ್ಣ ಮೊತ್ತವಲ್ಲ. ಐದು ತಾಲ್ಲೂಕುಗಳ ಬಡ ಪದವೀಧರರಿಗೆ ಶುಲ್ಕ, ಪುಸ್ತಕ, ಪರೀಕ್ಷೆಯ ದಿನದ ಪ್ರಯಾಣ ವೆಚ್ಚವನ್ನು ಟ್ರಸ್ಟ್ ಭರಿಸುತ್ತದೆ. ಹುಡುಗಿಯರ ಜೊತೆ ಬರುವವರ ಬಸ್ ಖರ್ಚನ್ನೂ ಕೊಡುತ್ತೇವೆ. ನೆರವು ಕೇಳುವವರು ಅಂಕಪಟ್ಟಿ, ಆದಾಯ ಪ್ರಮಾಣಪತ್ರ ಮತ್ತು ಜಾತಿ ಪ್ರಮಾಣಪತ್ರದ ಪ್ರತಿಗಳನ್ನು ತನ್ನಿ. ಜಾತಿ ಪ್ರಮಾಣಪತ್ರವನ್ನು ಕೇಂದ್ರ ಪಟ್ಟಿಯ ಜೊತೆ ತಾಳೆ ನೋಡಿದ ಮೇಲೆಯೇ ನಾವು ಶುಲ್ಕ ಕಟ್ಟುತ್ತೇವೆ. ಆ ಹುಡುಗಿಯಿಂದ ನಾವು ಕಲಿತ ಪಾಠ ಅದು.

ಅವಳು ಈಗ ಮತ್ತೆ ಓದುತ್ತಿದ್ದಾಳೆ. ಅವಳಿಗಾಗಿ, ಅವಳಂಥ ಎಲ್ಲ ಮಕ್ಕಳಿಗಾಗಿ ದುಆ ಮಾಡಿ.