ಒಂದೇ ಅಚ್ಚು, ಹಲವು ಹಬ್ಬ

ಕಾರ್ಡ್ ತಯಾರಿಕೆಯ ಹವ್ಯಾಸ ಹಿಡಿದವರ ಮೇಜಿನ ಮೇಲೆ ಮೊದಲು ಕಣ್ಣಿಗೆ ಬೀಳುವುದು ಸಾಮಾನು. ಹತ್ತಾರು ಸ್ಟಾಂಪ್ ಸೆಟ್‌ಗಳು, ಸಾಲು ಸಾಲು ಇಂಕ್ ಪ್ಯಾಡ್‌ಗಳು, ರಿಬ್ಬನ್, ಮಿಣುಕು, ಪೊಟ್ಟಣ ಒಡೆಯದ ಕಾಗದ. ಮುಗಿದ ಕಾರ್ಡು ಮಾತ್ರ ಕಡಿಮೆ. ಕೊಳ್ಳುವ ಸಂತೋಷ ಒತ್ತುವ ಸಂತೋಷವನ್ನು ನುಂಗಿಬಿಟ್ಟಿರುತ್ತದೆ. ಹೊಸದಾಗಿ ಶುರುಮಾಡುವವರಿಗೆ ನಾನು ಹೇಳುವುದು ಒಂದೇ ಮಾತು: ಒಂದು ಅಚ್ಚು ಸಾಕು. ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡದಾದ, ಗೆರೆ ಸ್ಪಷ್ಟವಾಗಿರುವ ಒಂದು ದಾಸವಾಳ. ಅದರಿಂದ ಯುಗಾದಿಗೂ ಕಾರ್ಡಾಗುತ್ತದೆ, ನಾಮಕರಣಕ್ಕೂ ಆಗುತ್ತದೆ, ಪರಊರಿಗೆ ಹೋದ ಗೆಳತಿಗೂ ಆಗುತ್ತದೆ. ಈ ಲೇಖನದ ಉದ್ದಕ್ಕೂ ಆ ಒಂದೇ ದಾಸವಾಳವನ್ನು ಬೇರೆ ಬೇರೆ ರೀತಿಯಲ್ಲಿ ಒತ್ತುತ್ತಾ ಹೋಗೋಣ.

ಅಚ್ಚೊತ್ತಿ, ಆಮೇಲೆ ಕೈಯಲ್ಲಿ ಬಣ್ಣ ತುಂಬುವ ಕ್ರಮಕ್ಕೆ ಒಳ್ಳೆಯ ವಂಶಾವಳಿಯೇ ಇದೆ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಕಲಾವಿದ ಜಾನ್ ಕಾಲ್ಕಾಟ್ ಹಾರ್ಸ್ಲಿ ಅವರಿಂದ ಚಿತ್ರ ಬರೆಸಿ ಒಂದು ಕ್ರಿಸ್‌ಮಸ್ ಕಾರ್ಡು ಮಾಡಿಸಿದರು. ಮಾರಾಟಕ್ಕೆ ಬಂದ ಮೊದಲ ಕ್ರಿಸ್‌ಮಸ್ ಕಾರ್ಡೆಂದು ಹೆಸರಾದದ್ದು ಅದೇ. ಅದು ಕಲ್ಲಚ್ಚಿನಲ್ಲಿ ಮುದ್ರಣವಾಗಿ, ಕೈಯಿಂದ ಬಣ್ಣ ಹಚ್ಚಿಸಿಕೊಂಡು ಒಂದು ಶಿಲ್ಲಿಂಗಿಗೆ ಮಾರಾಟವಾಯಿತು. ರಬ್ಬರ್ ಅಚ್ಚು ಬಂದದ್ದು ಆಮೇಲೆ. ಹಸಿ ರಬ್ಬರು ಬಿಸಿಲಿಗೆ ಅಂಟಾಗುತ್ತಿತ್ತು, ಚಳಿಗೆ ಸೀಳುತ್ತಿತ್ತು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಅದಕ್ಕೆ ಗಂಧಕ ಸೇರಿಸಿ ಕಾಯಿಸಿ ಗಟ್ಟಿಗೊಳಿಸುವ ದಾರಿ ಕಂಡುಕೊಂಡ ಮೇಲೆಯೇ ಅಮೆರಿಕದ ಕಚೇರಿಗಳಿಗೆ ರಬ್ಬರ್ ಸ್ಟಾಂಪ್ ಬಂತು. ಅದನ್ನು ಗುಮಾಸ್ತರ ಮೇಜಿನಿಂದ ಎತ್ತಿಕೊಂಡು ಚಿತ್ರ ಮಾಡಿದವರಲ್ಲಿ ಜರ್ಮನಿಯ ಕುರ್ಟ್ ಶ್ವಿಟ್ಟರ್ಸ್ ಮೊದಲಿಗರ ಸಾಲಿನವರು. 1919ರಲ್ಲೇ ಅವರು ಕಚೇರಿ ಮುದ್ರೆಗಳನ್ನು ಒತ್ತಿ ಚಿತ್ರಗಳನ್ನು ಮಾಡಿದ್ದರು.

ಕಾಗದದಿಂದ ಆರಂಭ

ಕಾರ್ಡಿನ ಮೈಗೆ 250ರಿಂದ 300 ಜಿಎಸ್‌ಎಂ ದಪ್ಪದ ಕಾಗದ ಬೇಕು. ಎ4 ಹಾಳೆಯನ್ನು ಅರ್ಧಕ್ಕೆ ಕತ್ತರಿಸಿ ಮಡಿಸಿದರೆ 105 × 148 ಮಿಲಿಮೀಟರಿನ ಕಾರ್ಡು ಸಿಗುತ್ತದೆ. ಅಂಗಡಿಯಲ್ಲಿ ಸಿಗುವ ಸಿ6 ಲಕೋಟೆ ಅದಕ್ಕೆ ಸರಿಹೊಂದುತ್ತದೆ. ಮಡಿಸುವ ಮುನ್ನ ಹಾಳೆಯನ್ನು ಎರಡೂ ದಿಕ್ಕಿಗೆ ಮೆಲ್ಲಗೆ ಬಾಗಿಸಿ ನೋಡಿ. ಯಾವ ಕಡೆಗೆ ಸಲೀಸಾಗಿ ಬಾಗುತ್ತದೋ ಕಾಗದದ ನಾರು ಆ ಮಡಿಕೆಗೆ ಸಮಾನಾಂತರವಾಗಿರುತ್ತದೆ, ಅಲ್ಲೇ ಮಡಿಸಬೇಕು. ಅಡ್ಡಲಾಗಿ ಮಡಿಸಿದರೆ ಬೆನ್ನು ಒಡೆದು ಬಿಳಿ ನಾರು ಹೊರಬರುತ್ತದೆ. ಸ್ಟೀಲ್ ಸ್ಕೇಲಿಟ್ಟು, ಇಂಕು ಮುಗಿದ ಬಾಲ್‌ಪೆನ್ನಿನಿಂದ ಒಂದು ಗೀರು ಎಳೆದು ಮಡಿಸಿದರೆ ಪ್ರೆಸ್ಸಿನ ಕ್ರೀಸಿಂಗಿನಷ್ಟೇ ನೇರವಾದ ಮಡಿಕೆ ಬರುತ್ತದೆ.

ನಮ್ಮ ಪುಣ್ಯಕ್ಕೆ ಒಳ್ಳೆಯ ಕೈಕಾಗದ ಹತ್ತಿರದಲ್ಲೇ ಇದೆ. ಪುದುಚೇರಿಯ ಅರವಿಂದಾಶ್ರಮದ ಕಾಗದ ಬಹಳ ಜನಕ್ಕೆ ಗೊತ್ತು. ಉತ್ತರ ಕರ್ನಾಟಕದ ತಾರಿಹಾಳದಲ್ಲಿ ಹತ್ತಿಬಟ್ಟೆಯ ಚಿಂದಿಯಿಂದ ಮಾಡುವ ಖಾದಿ ಕಾಗದವನ್ನು ವಿದೇಶದ ಜಲವರ್ಣ ಕಲಾವಿದರೂ ತರಿಸಿಕೊಳ್ಳುತ್ತಾರೆ. ಆದರೆ ಇಂಥ ಕಾಗದದ ಮೈ ಒರಟು, ಕೂದಲೆಳೆಯ ಗೆರೆಯ ಅಚ್ಚು ಅದರ ಮೇಲೆ ಅಲ್ಲಲ್ಲಿ ಕಡಿದುಹೋಗುತ್ತದೆ. ದಪ್ಪ ಗೆರೆಯ ದಾಸವಾಳವಾದರೆ ಆ ಒರಟುತನವೇ ಅದಕ್ಕೆ ಕಳೆ ಕೊಡುತ್ತದೆ. ಸೂಕ್ಷ್ಮ ಗೆರೆಗಳಿದ್ದರೆ ನುಣುಪಾದ ಬಿಳಿ ಕಾರ್ಡ್‌ಸ್ಟಾಕ್ ತೆಗೆದುಕೊಳ್ಳಿ.

ಯಾವ ಇಂಕು, ಯಾವ ಕೆಲಸಕ್ಕೆ

ಕಲಿಯುವವರು ಹೆಚ್ಚು ಎಡವುವುದು ಇಲ್ಲಿಯೇ. ಅಂಗಡಿಯಲ್ಲಿ ಎಲ್ಲ ಪ್ಯಾಡೂ ಒಂದೇ ಥರ ಕಾಣುತ್ತವೆ. ಡೈ ಇಂಕು ಕಾಗದದೊಳಗೆ ಇಂಗಿ ಬೇಗ ಒಣಗುತ್ತದೆ. ಪಿಗ್ಮೆಂಟ್ ಇಂಕು ಮೇಲೆಯೇ ನಿಂತು ನಿಧಾನವಾಗಿ ಒಣಗುತ್ತದೆ, ಬಣ್ಣ ಗಾಢ. ಸ್ಟೇಜ಼್‌ಆನ್‌ನಂಥ ಸಾಲ್ವೆಂಟ್ ಇಂಕು ಪ್ಲಾಸ್ಟಿಕ್ಕು, ಗಾಜು, ಗ್ಲಾಸಿ ಕಾಗದಕ್ಕೂ ಹಿಡಿಯುತ್ತದೆ. ಒತ್ತಿದ ದಾಸವಾಳಕ್ಕೆ ಜಲವರ್ಣ ತುಂಬುವುದಾದರೆ ಹೊರಗೆರೆ ನೀರಿಗೆ ಕರಗದ ಇಂಕಿನದಾಗಿರಬೇಕು, ಇಲ್ಲವಾದರೆ ಕುಂಚ ತಾಗಿದೊಡನೆ ಕಪ್ಪು ಹರಡಿ ಕೆಂಪು ಎಸಳು ಮಸುಕಾಗುತ್ತದೆ. ಕಾಪಿಕ್‌ನಂಥ ಆಲ್ಕೋಹಾಲ್ ಮಾರ್ಕರ್ ಬಳಸುವುದಾದರೆ ಲೆಕ್ಕವೇ ಬೇರೆ. ಆಗ ಮೆಮೆಂಟೊದಂಥ ನೀರಿನಾಧಾರದ ಇಂಕು ಬೇಕು. ಸಾಲ್ವೆಂಟ್ ಇಂಕಿನ ಗೆರೆಯನ್ನು ಮಾರ್ಕರಿನ ಆಲ್ಕೋಹಾಲೇ ಕರಗಿಸಿಬಿಡುತ್ತದೆ. ಗೆರೆಯ ಇಂಕು, ತುಂಬುವ ಬಣ್ಣ ಎರಡೂ ಒಂದೇ ದ್ರವದಲ್ಲಿ ಕರಗುವಂಥವಾಗಿರಬಾರದು. ಇಷ್ಟು ನೆನಪಿಟ್ಟುಕೊಂಡರೆ ಕಾಗದ ಹಾಳಾಗುವುದು ಅರ್ಧಕ್ಕರ್ಧ ತಪ್ಪುತ್ತದೆ.

ಒತ್ತುವ ರೀತಿಗೂ ಕ್ರಮವಿದೆ. ಅಚ್ಚನ್ನು ಪ್ಯಾಡಿಗೆ ಅದ್ದಬೇಡಿ. ಅಚ್ಚನ್ನು ಅಂಗಾತ ಮಲಗಿಸಿ, ಪ್ಯಾಡನ್ನು ಅದರ ಮೇಲೆ ಮೆತ್ತಗೆ ತಟ್ಟಿ. ಇಂಕು ಎಲ್ಲ ಕಡೆಗೂ ಸಮವಾಗಿ ಹತ್ತಿದೆಯೇ ಎಂಬುದು ಕಣ್ಣಿಗೆ ಕಾಣುತ್ತದೆ. ಮರದ ಹಿಡಿಯ ಅಚ್ಚಾದರೆ ಕಾರ್ಡಿನ ಕೆಳಗೆ ನಾಲ್ಕೈದು ಪದರ ದಿನಪತ್ರಿಕೆ ಇರಲಿ. ಅಚ್ಚನ್ನು ನೇರವಾಗಿ ಇಳಿಸಿ, ಅಲುಗಾಡಿಸದೆ ಒತ್ತಿ, ನೇರವಾಗಿ ಎತ್ತಿ. ಪಾರದರ್ಶಕ ಫೋಟೊಪಾಲಿಮರ್ ಅಚ್ಚು ಹೊಸದಿದ್ದಾಗ ಮೈ ಜಾರುವುದರಿಂದ ಇಂಕು ಹನಿಹನಿಯಾಗಿ ನಿಲ್ಲುತ್ತದೆ, ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಒಮ್ಮೆ ಉಜ್ಜಿದರೆ ಸರಿಹೋಗುತ್ತದೆ. ಅದನ್ನು ಬಿಸಿಲಲ್ಲಿ ಇಡಬೇಡಿ, ಹಳದಿಯಾಗಿ ಬಿರುಸಾಗುತ್ತದೆ.

ಒಂದು ಹೂವಿನಿಂದ ಗೊಂಚಲು

ಎಲ್ಲ ವಿಧಾನಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಮಾಸ್ಕಿಂಗ್. ಒಂದೇ ಹೂವಿನ ಅಚ್ಚಿನಿಂದ ಒಂದರ ಹಿಂದೊಂದು ನಿಂತ ಮೂರು ಹೂವುಗಳ ಗೊಂಚಲು ಬರುತ್ತದೆ, ಕೇಳುವುದು ಅಂಟುಚೀಟಿಯನ್ನೂ ಕತ್ತರಿಯನ್ನೂ ಮಾತ್ರ. ಮೊದಲ ದಾಸವಾಳವನ್ನು ಕಾರ್ಡಿನ ಮೇಲೆ ಒತ್ತಿ. ಅದನ್ನೇ ಒಂದು ಅಂಟುಚೀಟಿಯ ಅಂಟಿರುವ ಅಂಚಿನ ಮೇಲೂ ಒತ್ತಿ, ಗೆರೆಯ ಒಳಮೈ ಹಿಡಿದು ಕತ್ತರಿಸಿ. ಗೆರೆಯ ಹೊರಗೆ ಕತ್ತರಿಸಿದರೆ ಹೂವಿನ ಸುತ್ತ ಬಿಳಿಯ ಬಳೆ ಉಳಿಯುತ್ತದೆ. ಕತ್ತರಿಸಿದ ಚೀಟಿಯನ್ನು ಕಾರ್ಡಿನ ಹೂವಿನ ಮೇಲೆ ಸರಿಯಾಗಿ ಅಂಟಿಸಿ. ಈಗ ಎರಡನೆಯ ಹೂವನ್ನು ಅದರ ಮೇಲೆ ಅರ್ಧ ಹಾಯುವಂತೆ ಒತ್ತಿ ಚೀಟಿ ತೆಗೆಯಿರಿ: ಎರಡನೆಯದು ಹಿಂದೆ ಸರಿದು ನಿಂತಿರುತ್ತದೆ. ಮೊದಲು ಒತ್ತಿದ್ದು ಯಾವಾಗಲೂ ಮುಂದಿನದು, ಕೊನೆಗೆ ಒತ್ತಿದ್ದು ಎಲ್ಲಕ್ಕಿಂತ ಹಿಂದಿನದು. ಚಿತ್ರ ಬರೆಯುವವರ ಅಭ್ಯಾಸಕ್ಕೆ ಇದು ಉಲ್ಟಾ, ಆದ್ದರಿಂದ ಮೊದಲು ರದ್ದಿ ಕಾಗದದ ಮೇಲೆ ಕೈ ಪಳಗಿಸಿಕೊಳ್ಳುವುದು ಒಳ್ಳೆಯದು.

ಇದಕ್ಕೆ ಇನ್ನೊಂದು ವಿದ್ಯೆ ಜೋಡಿಸಿ. ಹಿಂದಿನ ಹೂವುಗಳಿಗೆ ಅಚ್ಚನ್ನು ಮೊದಲು ರದ್ದಿ ಕಾಗದದ ಮೇಲೆ ಒಮ್ಮೆ ಒತ್ತಿ, ಉಳಿದ ಇಂಕಿನಲ್ಲಿ ಕಾರ್ಡಿನ ಮೇಲೆ ಒತ್ತಬೇಕು. ಬಣ್ಣ ತಿಳಿಯಾಗುತ್ತದೆ, ಹೂವು ದೂರ ಸರಿದಂತೆ ಕಾಣುತ್ತದೆ. ಒಂದು ಅಚ್ಚು, ಒಂದು ಪ್ಯಾಡು, ಮೂರು ಛಾಯೆ.

ಉಬ್ಬುವ ಗೆರೆ

ಮದುವೆ ಕಾರ್ಡು, ವಿಸಿಟಿಂಗ್ ಕಾರ್ಡುಗಳ ಮೇಲೆ ಬೆರಳಿಗೆ ತಾಗುವ ಉಬ್ಬಕ್ಷರ ನೋಡಿರುತ್ತೀರಿ. ಪ್ರೆಸ್ಸಿನವರು ಥರ್ಮೋಗ್ರಫಿ ಅನ್ನುವ ಆ ಕೆಲಸವನ್ನು ಮನೆಯಲ್ಲೇ ಮಾಡುವುದು ಹೀಟ್ ಎಂಬಾಸಿಂಗ್. ನಿಧಾನವಾಗಿ ಒಣಗುವ ಪಿಗ್ಮೆಂಟ್ ಇಂಕಿನಲ್ಲೋ ವರ್ಸಾಮಾರ್ಕ್‌ನಂಥ ಬಣ್ಣವಿಲ್ಲದ ಅಂಟು ಇಂಕಿನಲ್ಲೋ ದಾಸವಾಳ ಒತ್ತಿ, ಹಸಿ ಇರುವಾಗಲೇ ಎಂಬಾಸಿಂಗ್ ಪೌಡರ್ ಸುರಿದು, ಮಿಕ್ಕದ್ದನ್ನು ಡಬ್ಬಿಗೆ ವಾಪಸು ಬಗ್ಗಿಸಿ. ಡೈ ಇಂಕು ಅಷ್ಟರಲ್ಲಿ ಒಣಗಿಬಿಡುವುದರಿಂದ ಪುಡಿ ನಿಲ್ಲುವುದಿಲ್ಲ. ಒತ್ತುವ ಮುಂಚೆ ಕಾಗದಕ್ಕೆ ಚಿಟಿಕೆ ಟಾಲ್ಕಂ ಪೌಡರ್ ಸವರಿ ಝಾಡಿಸಿದ್ದರೆ ಪುಡಿ ಬೇಡದ ಕಡೆ ಅಂಟುವುದಿಲ್ಲ. ಉಳಿದ ಒಂದೆರಡು ಕಣಗಳನ್ನು ಒಣ ಕುಂಚದಿಂದ ತೆಗೆಯಿರಿ.

ಹೀಟ್ ಗನ್ನನ್ನು ಮೊದಲೇ ಕಾಯಿಸಿಕೊಂಡು ಕಾರ್ಡಿನ ಮೇಲೆ ಸರಿಸುತ್ತಾ ಹೋಗಿ. ಮರಳಿನಂತಿದ್ದ ಪುಡಿ ತಟಕ್ಕನೆ ಕರಗಿ ಹೊಳೆಯುತ್ತದೆ. ಹೊಳೆದ ಕ್ಷಣವೇ ಕೈ ತೆಗೆಯಿರಿ, ಇನ್ನೂ ಕಾಯಿಸಿದರೆ ಪುಡಿ ಕಾಗದದೊಳಗೆ ಇಳಿದು ಉಬ್ಬು ಹೋಗುತ್ತದೆ, ಹೊಳಪೂ ಹೋಗುತ್ತದೆ. ಕೂದಲು ಒಣಗಿಸುವ ಡ್ರೈಯರ್ ಇದಕ್ಕೆ ಬೇಡ. ಅದರ ಗಾಳಿ ಜಾಸ್ತಿ, ಬಿಸಿ ಸಾಲದು. ಪುಡಿಯನ್ನೇ ಹಾರಿಸಿಬಿಡುತ್ತದೆ. ಮಕ್ಕಳು ಜೊತೆಗಿದ್ದರೆ ಈ ಒಂದು ಹಂತ ದೊಡ್ಡವರ ಕೈಯಲ್ಲೇ ಇರಲಿ.

ಇದರ ಮುಂದಿನ ಹೆಜ್ಜೆ ಇನ್ನೂ ಚೆಂದ. ಬಿಳಿ ಜಲವರ್ಣ ಕಾಗದದ ಮೇಲೆ ಬಿಳಿ ಪುಡಿಯಲ್ಲೇ ದಾಸವಾಳ ಉಬ್ಬಿಸಿ, ಅದರ ಮೇಲೆ ಕೆಂಪು, ಹಸಿರು ಬಣ್ಣ ಧಾರಾಳವಾಗಿ ಹಚ್ಚಿ. ಬಾಟಿಕ್‌ನಲ್ಲಿ ಮೇಣ ತಡೆಯುವ ಹಾಗೆ ಕರಗಿದ ಪುಡಿ ಬಣ್ಣವನ್ನು ತಡೆಯುತ್ತದೆ, ಕಣ್ಣಿಗೆ ಕಾಣದಿದ್ದ ಹೂವು ಬಿಳಿಗೆರೆಯಾಗಿ ಎದ್ದು ನಿಲ್ಲುತ್ತದೆ. ಗೆರೆಯ ಮೇಲೆ ಉಳಿದ ಹನಿಗಳನ್ನು ಹತ್ತಿಬಟ್ಟೆಯಿಂದ ಒತ್ತಿ ತೆಗೆಯಿರಿ.

ಕನ್ನಡದ ಮಾತು

ಅಂಗಡಿಯ ಸೆಟ್‌ಗಳಲ್ಲಿ ಇಂಗ್ಲಿಷ್ ಶುಭಾಶಯ ರಾಶಿ ರಾಶಿ, ಕನ್ನಡದ್ದು ಅಪರೂಪ. ಇದಕ್ಕೆ ಪರಿಹಾರ ಕೋರ್ಟು, ತಾಲ್ಲೂಕು ಕಚೇರಿಯ ಎದುರಿನ ಸ್ಟಾಂಪ್ ಅಂಗಡಿಯಲ್ಲಿದೆ. ನಿಮ್ಮದೇ ಕೈಬರಹದಲ್ಲಿ ‘ಹಬ್ಬದ ಶುಭಾಶಯ’, ‘ಚೆನ್ನಾಗಿರಿ’ ಎಂದು ಬಿಳಿ ಹಾಳೆಯಲ್ಲಿ ಕಪ್ಪು ಪೆನ್ನಿನಿಂದ ಬರೆದುಕೊಟ್ಟರೆ ಮುದ್ರೆ ಮಾಡಿಕೊಡುತ್ತಾರೆ. ನಮ್ಮ ಲಿಪಿಯಲ್ಲಿ ಸುರುಳಿ, ಒತ್ತಕ್ಷರ ಹೆಚ್ಚು. ಅಕ್ಷರ ಸಣ್ಣದಾದರೆ ಸುರುಳಿಯೊಳಗೆ ಇಂಕು ತುಂಬಿಕೊಳ್ಳುತ್ತದೆ, ಆದ್ದರಿಂದ ಸ್ವಲ್ಪ ದೊಡ್ಡದಾಗಿ, ಬಿಡಿಬಿಡಿಯಾಗಿ ಬರೆಯಿರಿ.

ಅಚ್ಚನ್ನೂ ನೀವೇ ಕೆತ್ತಬಹುದು. ಜಪಾನಿನಲ್ಲಿ ಪೆನ್ಸಿಲ್ ರಬ್ಬರಿನಲ್ಲಿ ಮುದ್ರೆ ಕೆತ್ತುವುದು ಜನಪ್ರಿಯ ಕಲೆ, ನ್ಯಾನ್ಸಿ ಸೆಕಿ ಅದರಿಂದಲೇ ಹೆಸರು ಮಾಡಿದ್ದರು. ಟ್ರೇಸಿಂಗ್ ಕಾಗದದ ಮೇಲೆ ಮೃದು ಪೆನ್ಸಿಲಿನಿಂದ ಬರೆದು, ರಬ್ಬರಿನ ಮೇಲೆ ಕವಿಚಿ ಉಜ್ಜಿದರೆ ಚಿತ್ರ ತಿರುಗುಮುರುಗಾಗಿ ಮೂಡುತ್ತದೆ. ಒತ್ತುವಾಗ ಮತ್ತೆ ಸರಿಯಾಗುತ್ತದೆ. ಚಾಕುವನ್ನು ಗೆರೆಯಿಂದ ಹೊರಕ್ಕೆ ಓರೆಯಾಗಿ ಹಿಡಿದು ಕೊರೆಯಿರಿ. ಗೆರೆಯ ಬುಡ ಅಗಲವಿದ್ದರೆ ಒತ್ತಿದಾಗ ಮಾಲುವುದಿಲ್ಲ.

ಕಾರ್ಡಿನ ಮೇಲೆ ಖಾಲಿ ಜಾಗ ಬಿಡಲು ಹೆದರಬೇಡಿ. ಮೂಲೆಯೊಂದರಲ್ಲಿ ಗೊಂಚಲು, ಕೆಳಗೆ ಒಂದು ಸಾಲು ಮಾತು ಇದ್ದರೆ ಮಿಣುಕಿನ ಅಗತ್ಯವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಒಳಗಿನ ಪುಟಕ್ಕೆ ಅಚ್ಚು ಒತ್ತಬೇಡಿ, ಪೆನ್ನು ಹಿಡಿದು ನಾಲ್ಕು ಸಾಲು ಬರೆಯಿರಿ, ಹಿಂಬದಿಯಲ್ಲಿ ಹೆಸರು, ತಾರೀಖು ಹಾಕಿ. ಉಬ್ಬಿದ ಚಿತ್ರಕ್ಕೆ ಉಜ್ಜಾಟದ ಪೆಟ್ಟು ಬೀಳದಂತೆ ಒಂದು ಟ್ರೇಸಿಂಗ್ ಹಾಳೆ ಮುಚ್ಚಿ. ಮಾಡಿದ ಕಾರ್ಡನ್ನು ಡ್ರಾಯರಿನಲ್ಲಿ ಕೂಡಿಡದೆ ವಿಳಾಸ ಬರೆದು, ಅಂಚೆಚೀಟಿ ಅಂಟಿಸಿ, ಈ ವಾರವೇ ಕಳಿಸಿಬಿಡಿ.