ಕಾಲಿನ ಎಲುಬಲ್ಲಿ ರೊಟ್ಟಿ ಅಗಿಯುವ ಮಾಮಾ

ನಮ್ಮ ಮಾಮಾ ಲಾರಿ ಡ್ರೈವರ್. ರಾಣೆಬೆನ್ನೂರಿನಿಂದ ಪುಣೆಗೆ ಲೋಡ್ ಹೊಡೆಯುತ್ತಾನೆ. ನಾನು ಪಿಯುಸಿಯಲ್ಲಿದ್ದಾಗ ಅವನ ಎಡ ದವಡೆ ಊದಿಕೊಂಡಿತು. ಓಣಿಯವರೆಲ್ಲ ಒಂದೇ ತೀರ್ಪು ಕೊಟ್ಟರು: ಗುಟ್ಕಾ! ಮಾಮಾ ಗುಟ್ಕಾ ಮುಟ್ಟಿದವನೇ ಅಲ್ಲ. ನಿದ್ದೆ ಬಂದರೆ ಹುರಿದ ಶೇಂಗಾ ಬಾಯಿಗೆ ಹಾಕಿಕೊಂಡು ಗಾಡಿ ಓಡಿಸುವವ.

ಬಂದದ್ದು ಅಮೆಲೋಬ್ಲಾಸ್ಟೋಮಾ ಎಂಬ ಗಡ್ಡೆ. ಹಲ್ಲಿನ ಎನಾಮಲ್ ತಯಾರಿಸುವ ಕೋಶಗಳ ಮೂಲದಿಂದ ಹುಟ್ಟುವಂಥದ್ದು. ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ, ನೋವೂ ಕಡಿಮೆ. ಆದರೆ ಗೆದ್ದಲಿನ ಹಾಗೆ ಎಲುಬನ್ನು ಒಳಗಿಂದಲೇ ತಿನ್ನುತ್ತದೆ. ಬರೀ ಕೆರೆದು ತೆಗೆದರೆ ಮತ್ತೆ ಬರುವ ಸಾಧ್ಯತೆ ಹೆಚ್ಚು. ಅದಕ್ಕೇ ಸುತ್ತಲಿನ ಒಂದೆರಡು ಸೆಂಟಿಮೀಟರ್ ಒಳ್ಳೆಯ ಎಲುಬನ್ನೂ ಸೇರಿಸಿ ಕತ್ತರಿಸುತ್ತಾರೆ. ಇಷ್ಟನ್ನೆಲ್ಲ ವಿವರಿಸುವಷ್ಟರಲ್ಲಿ ಮಾಮಾನಿಗೆ ಗೊತ್ತಾಗಿದ್ದ ಹೆಣ್ಣಿನ ಕಡೆಯವರು ಮಾತು ಮುರಿದುಕೊಂಡಿದ್ದರು.

ಮೊದಲ ಆಪರೇಷನ್ನಿನಲ್ಲಿ ಎಲುಬು ತೆಗೆದ ಜಾಗಕ್ಕೆ ಟೈಟಾನಿಯಂ ಪ್ಲೇಟ್ ಮಾತ್ರ ಕೂರಿಸಿದರು. ಒಂದೂವರೆ ವರ್ಷ ಚೆನ್ನಾಗಿಯೇ ಇತ್ತು. ಒಂದು ದಿನ ಊಟಕ್ಕೆ ಕೂತಾಗ ಟಕ್ ಎಂದು ಶಬ್ದ. ಪ್ಲೇಟ್ ಎರಡು ತುಂಡು! ‘ಮೆತ್ತನ ಅನ್ನಕ್ಕ ಕಬ್ಬಿಣ ಮುರಿತೈತೇನಲೇ?’ ಎಂದು ಅಜ್ಜಿ ನನ್ನನ್ನೇ ಕೇಳಿದಳು. ನಾನಾಗ ಮೆಕ್ಯಾನಿಕಲ್ ಮೂರನೇ ಸೆಮ್. ಫೆಟೀಗ್ ಪಾಠ ಅದೇ ತಿಂಗಳು ಮುಗಿದಿತ್ತು. ದಿನಕ್ಕೆ ಸಾವಿರ ಸಲ ಅಗಿದರೂ ಒಂದೂವರೆ ವರ್ಷಕ್ಕೆ ಐದು ಲಕ್ಷ ಸಲ ಪ್ಲೇಟ್ ಬಾಗಿ ನೆಟ್ಟಗಾಗುತ್ತದೆ. ಒಂದೇ ಏಟಿಗೆ ಮುರಿಯದ ಲೋಹ ಸಣ್ಣ ಹೊರೆಯ ಲಕ್ಷಾಂತರ ಏಟಿಗೆ ಬಿರುಕು ಬಿಡುತ್ತದೆ. ಎಲುಬಿನಲ್ಲೂ ಸೂಕ್ಷ್ಮ ಬಿರುಕು ಬೀಳುತ್ತವೆ, ಆದರೆ ಜೀವಂತ ಎಲುಬು ರಿಪೇರಿಯನ್ನು ತಾನೇ ಮಾಡಿಕೊಳ್ಳುತ್ತದೆ. ಪರೀಕ್ಷೆಯಲ್ಲಿ ಎಸ್-ಎನ್ ಕರ್ವ್ ಬರೆದು ಬಂದವನಿಗೆ ಅದು ಮನೆಯ ತಟ್ಟೆಯ ಮುಂದೆ ಅರ್ಥವಾಯಿತು.

ಈ ಸಲ ಬೆಂಗಳೂರಿಗೆ ಹೋದೆವು. ಕಾಲಿನಿಂದ ಎಲುಬು ತೆಗೆದು ದವಡೆ ಕಟ್ಟುತ್ತೇವೆ ಎಂದರು ಡಾಕ್ಟರು. ಮೊಣಕಾಲಿನ ಕೆಳಗೆ ಎರಡು ಎಲುಬಿವೆ. ಭಾರದ ಬಹುಪಾಲನ್ನು ಹೊರುವುದು ಟಿಬಿಯಾ. ಪಕ್ಕದ ತೆಳ್ಳಗಿನ ಫಿಬುಲಾದಲ್ಲಿ ಮೇಲೆ ಕೆಳಗೆ ಸುಮಾರು 6 ಸೆಂಟಿಮೀಟರ್ ಉಳಿಸಿ ನಡುವಿನದನ್ನು ತೆಗೆದರೂ ನಡೆಯಬಹುದು. ಯಾವ ಕಾಲು ಎಂಬ ಮಾತು ಬಂದಾಗ ಮಾಮಾ, ‘ಎಡಗಾಲ ತಗೋರಿ ಸರ. ಕ್ಲಚ್ ಹೆಂಗರ ಸಂಭಾಳಸ್ತೀನಿ, ಬ್ರೇಕ್ ಕಾಲು ಮಾತ್ರ ಮುಟ್ಟಬ್ಯಾಡ್ರಿ’ ಎಂದ. ರಕ್ತನಾಳ ಪರೀಕ್ಷಿಸಿ ಎಡಗಾಲನ್ನೇ ಆರಿಸಿದರು.

ಸಿಟಿ ಸ್ಕ್ಯಾನಿನಿಂದ ತ್ರೀಡಿ ಪ್ರಿಂಟ್ ಮಾಡಿದ ಅವನ ದವಡೆಯ ಪ್ಲಾಸ್ಟಿಕ್ ಮಾದರಿಯನ್ನು ನಾನು ಕೈಯಲ್ಲಿ ಹಿಡಿದು ನೋಡಿದೆ. ಹೊಸ ಪ್ಲೇಟನ್ನು ಮೊದಲೇ ಅದರ ಮೇಲಿಟ್ಟು ಬಗ್ಗಿಸಿದ್ದರು. ನೆಟ್ಟಗಿರುವ ಫಿಬುಲಾ ದವಡೆಯಂತೆ ಬಾಗುವುದು ಹೇಗೆ? ವೆಲ್ಡಿಂಗ್ ಶಾಪಿನಲ್ಲಿ ಪೈಪಿಗೆ ‘ವಿ’ ಆಕಾರದ ಕಚ್ಚು ಹಾಕಿ ಬಗ್ಗಿಸುತ್ತಾರಲ್ಲ, ಥೇಟ್ ಹಾಗೆಯೇ. ವ್ಯತ್ಯಾಸ ಒಂದೇ: ಎಲುಬಿನ ಜೊತೆ ಅದರ ರಕ್ತನಾಳವೂ ಬರಬೇಕು. ಅದನ್ನು ಕುತ್ತಿಗೆಯ ನಾಳಕ್ಕೆ ಮೈಕ್ರೋಸ್ಕೋಪ್ ಕೆಳಗೆ ಕೂದಲಿಗಿಂತ ತೆಳುವಾದ ದಾರದಲ್ಲಿ ಹೊಲಿಯುತ್ತಾರೆ. ಆಸ್ಟ್ರೇಲಿಯಾದ ಇಯಾನ್ ಟೇಲರ್ 1975ರಲ್ಲಿ ಹೀಗೆ ರಕ್ತನಾಳ ಸಮೇತ ಫಿಬುಲಾವನ್ನು ಕಾಲಿಗೇ ಜೋಡಿಸಿದ್ದರು. ಅಮೆರಿಕದ ಡೇವಿಡ್ ಹಿಡಾಲ್ಗೊ 1989ರಲ್ಲಿ ಅದರಿಂದ ದವಡೆ ಕಟ್ಟಿದ ವರದಿ ಪ್ರಕಟಿಸಿದರು. ಮಾಮಾನ ಆಪರೇಷನ್ ಹತ್ತು ಗಂಟೆ ಹಿಡಿಯಿತು. ನಂತರ ನರ್ಸ್ ಗಂಟೆಗೊಮ್ಮೆ ಬಂದು ಡಾಪ್ಲರ್ ಹಿಡಿದು ರಕ್ತ ಹರಿಯುವ ‘ಶ್... ಶ್...’ ಸದ್ದು ಕೇಳುತ್ತಿದ್ದರು. ಆ ಸದ್ದಿಗೆ ಕಾಯುತ್ತ ನಾನೂ ಅಮ್ಮನೂ ಮೂರು ರಾತ್ರಿ ಮಲಗಲಿಲ್ಲ.

ಎಲುಬು ಕೂಡಿತು, ಹಲ್ಲು? ಆಪರೇಷನ್ನಿಗೆ ನೆರವಾದ ಯೋಜನೆಯವರು ಹಲ್ಲಿನ ಇಂಪ್ಲಾಂಟ್‌ಗೆ ಒಪ್ಪಲಿಲ್ಲ, ಅದು ಸೌಂದರ್ಯಕ್ಕಂತೆ. ರೊಟ್ಟಿ ಮುರಿಯುವುದು ಸೌಂದರ್ಯ ಹೇಗಾಗುತ್ತದೋ ನನಗಿನ್ನೂ ಗೊತ್ತಾಗಿಲ್ಲ. ಮಾಮಾ ಒಂದು ವರ್ಷ ನುಚ್ಚು, ಗಂಜಿ ಕುಡಿದು ಚೀಟಿ ಎತ್ತಿದ ಮೇಲೆ ಮೂರು ಟೈಟಾನಿಯಂ ಸ್ಕ್ರೂ ಕೂರಿಸಿದರು. ಸ್ವೀಡನ್ನಿನ ಬ್ರೋನೆಮಾರ್ಕ್ 1952ರಲ್ಲಿ ಮೊಲದ ಕಾಲಿನ ಎಲುಬಿಗೆ ಹಾಕಿದ್ದ ಟೈಟಾನಿಯಂ ಉಪಕರಣ ಕೀಳಲು ಬರದಷ್ಟು ಅಂಟಿಕೊಂಡಿತ್ತು. ಅದೇ ಗುಣದಿಂದ 1965ರಲ್ಲಿ ಮನುಷ್ಯನಿಗೆ ಹಲ್ಲು ಕಟ್ಟಿದರು. ಮಾಮಾನದೂ ಕಾಲಿನ ಎಲುಬೇ ತಾನೆ! ನಾಲ್ಕು ತಿಂಗಳು ಕಾದು ಮೇಲೆ ಹಲ್ಲು ಹಾಕಿದರು.

ಮೊನ್ನೆ ಊರಿಗೆ ಹೋದಾಗ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಮಾಮಾ ಎಡಗಡೆಯೇ ಅಗಿಯುತ್ತಿದ್ದ, ನನಗೆ ಕೇಳಲೆಂದೇ ಜೋರಾಗಿ. ಗಡ್ಡೆಯ ಜೊತೆ ದವಡೆಯೊಳಗಿನ ನರವೂ ಹೋಗಿದ್ದರಿಂದ ಕೆಳತುಟಿಯ ಎಡಭಾಗಕ್ಕೆ ಸ್ಪರ್ಶವೇ ತಿಳಿಯುವುದಿಲ್ಲ. ಊಟವಾಗಿ ಚಹಾ ಕುಡಿದು ನನ್ನ ಕಡೆ ಮುಖ ಮಾಡಿದ: ‘ಅಳಿಯಾ, ತುಟಿಗೆ ಚಾ ಹತ್ತೇತೇನು ನೋಡಲೇ.’ ಹತ್ತಿತ್ತು. ಟವೆಲ್ ಕೊಟ್ಟೆ.